ಗೋಡೆಯ ಮೇಲೆ ಅಪ್ಪ, ಫ್ರಿಜ್ಜಿನ ಮೇಲೆ ನಾವು

ಅಪ್ಪನದು ಅಂತ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಫೋಟೋ. ರೈಲ್ವೆ ಗಾರ್ಡಿನ ಸಮವಸ್ತ್ರ ಹಾಕಿಕೊಂಡು ಧಾರವಾಡದ ಸ್ಟುಡಿಯೋದಲ್ಲಿ ತೆಗೆಸಿದ್ದು. ಅವರು ತೀರಿಕೊಂಡ ಮೇಲೆ ಅವ್ವ ಅದಕ್ಕೆ ಸಾಗವಾನಿ ಕಟ್ಟು ಹಾಕಿಸಿದಳು. ನನ್ನ ನೌಕರಿಗಾಗಿ ನಾವೆಲ್ಲ ಪುಣೆಗೆ ಬಂದು ಖರಾಡಿಯಲ್ಲಿ ಫ್ಲ್ಯಾಟು ಹಿಡಿದಾಗ, ಸಾಮಾನಿನ ಲಾರಿಯಲ್ಲಿ ಇಡಲು ಒಪ್ಪದೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಳು.

ದಿನಾ ಸ್ನಾನವಾದ ಮೇಲೆ ಗಂಧ ತೇಯ್ದು, ಅಪ್ಪನ ಹಣೆ ಬರುವ ಜಾಗಕ್ಕೆ ಸರಿಯಾಗಿ ಗಾಜಿನ ಮೇಲೆ ಒಂದು ಬೊಟ್ಟು ಇಡುವುದು ಅವಳ ಪದ್ಧತಿ. ಇಡುತ್ತ ಮನೆಯ ಸುದ್ದಿಯೂ ಹೇಳುತ್ತಿದ್ದಳು. "ಇವತ್ತ ನಳ ಬಂದಿಲ್ಲ ನೋಡ್ರಿ" ಅನ್ನುವಂಥ ಸುದ್ದಿ. ಆ ಗಂಧದ ನೀರೇ ಕಟ್ಟಿನ ಸಂದಿಯಲ್ಲಿ ಇಳಿದಿಳಿದು ಫೋಟೋ ಗಾಜಿಗೆ ಅಂಟಿಕೊಂಡಿತು. ಒಂದು ಮಳೆಗಾಲಕ್ಕೆ ಕಿವಿ ಬೆಳ್ಳಗಾಯಿತು, ಮುಂದಿನದಕ್ಕೆ ಟೋಪಿಯ ಅಂಚು ಹೋಯಿತು.

"ಇನ್ನೊಂದು ಮಳಿಗಾಲ ಅಂದ್ರ ಮಾರಿನೂ ಹೋಗ್ತದ. ಏನರ ಮಾಡಪಾ" ಅಂದಳು ಅವ್ವ.

ಕೇಳಿದ್ದು ಇಷ್ಟೇ: ಆ ಮುಖ ಉಳಿಯಬೇಕು. ಪುಣೆಯ ಕ್ಯಾಂಪ್ ಪೇಟೆಯ ಯಾವುದೇ ಸ್ಟುಡಿಯೋದವನು ಎರಡು ದಿನದಲ್ಲಿ ಮಾಡಿಕೊಡುವ ಕೆಲಸ. ಆದರೆ ನಾನು ಎಂಜಿನಿಯರು. ಸರಳ ಕೆಲಸ ಸರಳವಾಗಿ ಮಾಡಿದರೆ ನಮಗೆ ಅವಮಾನ.

ಹಿಂಜವಾಡಿಯ ನಮ್ಮ ಆಫೀಸಿನಲ್ಲಿ ಟಿಕೆಟ್ ಯಂತ್ರಗಳಿಗೆ ಬಳಸುತ್ತಿದ್ದ ಪುಟ್ಟ ಕಂಪ್ಯೂಟರುಗಳಿದ್ದವು. ಅಂಗೈಯಗಲದ ಒಂದೇ ಹಲಗೆಯ ಮೇಲೆ ಇಡೀ ಕಂಪ್ಯೂಟರು. ಹೊಸ ಮಾದರಿ ಬಂದು ಹಳೆಯವು ಮೂಲೆ ಸೇರಿದಾಗ ಮ್ಯಾನೇಜರನ್ನು ಕೇಳಿ ಒಂದನ್ನು ತಂದೆ. ಕ್ಯಾಂಪಿನ ಹಳೇ ಸಾಮಾನಿನ ಅಂಗಡಿಯಲ್ಲಿ ಸತ್ತ ಲ್ಯಾಪ್‌ಟಾಪಿನ ಪರದೆ ಸಿಕ್ಕಿತು. ಫೋಟೋವನ್ನು ಗಾಜಿನ ಸಮೇತ ಸ್ಕ್ಯಾನ್ ಮಾಡಿ, ಬೆಳ್ಳಗಾದ ಕಿವಿಯನ್ನು ಇನ್ನೊಂದು ಕಿವಿ ನೋಡಿ ತಿದ್ದಿದೆ. ಮೂರು ಭಾನುವಾರ ಅದರ ಮುಂದೆಯೇ ಕೂತಿದ್ದೆ. ಬೇರೆ ಪೆಟ್ಟಿಗೆ ಯಾಕೆ, ಅಪ್ಪನ ಸಾಗವಾನಿ ಕಟ್ಟಿನಲ್ಲೇ ಪರದೆ ಕೂರಿಸೋಣ ಅಂತ ಅದನ್ನು ಬಿಚ್ಚಿದೆ. ಫೋಟೋವನ್ನು ಗಾಜಿನಿಂದ ಬಿಡಿಸಲು ಹೋದಾಗ ಅರ್ಧ ಕೆನ್ನೆ ಗಾಜಿನಲ್ಲೇ ಉಳಿಯಿತು.

ಸ್ಕ್ಯಾನ್ ಇದೆಯಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು, ಹರಿದ ಫೋಟೋವನ್ನು ಆಫೀಸಿನ ಬ್ಯಾಗಿನಲ್ಲಿ ಬಚ್ಚಿಟ್ಟೆ. ಅವ್ವನಿಗೆ ಹೇಳುವ ಧೈರ್ಯ ಆಗಲಿಲ್ಲ.

ಇನ್ನೊಂದು ಅತಿಬುದ್ಧಿಯೂ ಮಾಡಿದೆ. ಕಂಪ್ಯೂಟರು ಇಟ್ಟು ಒಂದೇ ಫೋಟೋ ತೋರಿಸುವುದೇ? ಮಗಳದು, ನಮ್ಮದು, ಬೆಳಗಾವಿಯ ಸೋದರಮಾವನದು, ಅವ್ವನದು ಅಂತ ಇನ್ನೂ ನಲವತ್ತು ತುಂಬಿದೆ. ಹತ್ತು ಸೆಕೆಂಡಿಗೊಂದು ಬದಲಾಗುವ ಹಾಗೆ ಮಾಡಿ ಅದೇ ಮೊಳೆಗೆ ತೂಗುಹಾಕಿದೆ. ಅಪ್ಪ ಹೊಳೆಯುತ್ತ ಕಾಣಿಸಿಕೊಂಡಾಗ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಹಿಗ್ಗಿ ಹೀರೇಕಾಯಿಯಾದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಅಪ್ಪನ ಹಣೆಗೆ ಗಂಧ ಇಟ್ಟಳು. ಹೂವು ತೆಗೆದುಕೊಂಡು ತಿರುಗುವಷ್ಟರಲ್ಲಿ ಅಪ್ಪ ಹೋಗಿದ್ದರು. ಸ್ಕೂಟರಿನ ಮೇಲೆ ನಗುತ್ತ ಕೂತ ಸೋದರಮಾವನ ಹಣೆಯ ಮೇಲೆ ಆ ಬೊಟ್ಟಿತ್ತು.

"ಅಯ್ಯ ಶಿವನೇ! ನನ್ನ ತಮ್ಮ ಇನ್ನೂ ಬದುಕ್ಯಾನಲ್ಲೋ!"

ನಮ್ಮಲ್ಲಿ ಗೋಡೆಯ ಮೇಲಿನ ಫೋಟೋಕ್ಕೆ ಗಂಧ ಬಿತ್ತೆಂದರೆ ಆ ಮನುಷ್ಯ ಇಲ್ಲ ಅಂತಲೇ ಅರ್ಥ. ಅವ್ವ ಸೆರಗಿನಿಂದ ಗಸಗಸ ಒರೆಸುತ್ತಿದ್ದಾಗಲೇ ಮೊಮ್ಮಗಳ ಹುಟ್ಟುಹಬ್ಬದ ಫೋಟೋ ಬಂತು. ಮೊದಲು ಬೆಳಗಾವಿಗೆ ಫೋನು ಹಚ್ಚಿಸಿ, "ಆರಾಮ ಇದ್ದಿ ಇಲ್ಲೋ? ಇವತ್ತ ಗಾಡಿ ಹೊಡೀಬ್ಯಾಡ" ಅಂತ ತಮ್ಮನಿಗೆ ಅಪ್ಪಣೆ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಹಳೀ ಫೋಟೋನ ಹಾಕಪಾ. ಹಾಳಾಗಿದ್ರೂ ಇರ್ಲಿ."

ಬ್ಯಾಗಿನಿಂದ ತೆಗೆದು ತೋರಿಸಲೇಬೇಕಾಯಿತು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಹರಿದ ಕೆನ್ನೆಯ ಮೇಲೆ ಬೆರಳಾಡಿಸಿ, "ಅಂದ್ರ ಇವರು ಈಗ ಅದರಾಗಷ್ಟ ಇದ್ದಾರೇನು?" ಅಂತ ಕೇಳಿ, ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತಳು. ಒಂದು ಸುತ್ತಿಗೆ ಹತ್ತಿರ ಹತ್ತಿರ ಏಳು ನಿಮಿಷ. ಏಳು ನಿಮಿಷ ಕಾದರೆ ಅಪ್ಪ ಹತ್ತು ಸೆಕೆಂಡು ಬಂದು ಹೋಗುತ್ತಿದ್ದರು. ಎರಡು ಸಲ ಬಂದು ಹೋದ ಮೇಲೆ ಅವ್ವ ತಿರುಗದೆಯೇ ಅಂದಳು:

"ಇದ್ದಾಗೂ ಹಿಂಗ. ಮಿರಜಿಗೆ ಗಾಡಿ ತಗೊಂಡು ಹ್ವಾದ್ರು ಅಂದ್ರ ಯಾವಾಗ ಬರ್ತಾರಂತ ಬಾಗಿಲಾ ಕಾಯೋದು. ಹೋದ ಮ್ಯಾಲರ ಒಂದ ಕಡೆ ಕುಂತಿದ್ರು. ಮತ್ತ ಎಬ್ಬಿಸಿದೆಲ್ಲಪಾ."

ಆ ದಿನ ನನಗೆ ನನ್ನ ಬಗ್ಗೆಯೇ ಹೇಸಿಕೆಯಾಯಿತು. ರಜೆ ಹಾಕಿ ಕ್ಯಾಂಪಿಗೆ ಓಡಿ, ಸ್ಕ್ಯಾನಿನಿಂದ ದೊಡ್ಡ ಪ್ರಿಂಟು ತೆಗೆಸಿದೆ. ಪರದೆ ಬಿಚ್ಚಿ, ಅಪ್ಪನನ್ನು ಅವರ ಕಟ್ಟಿನಲ್ಲೇ ಕೂರಿಸಿ, ಗಂಧದ ನೀರು ತಾಗದ ಹಾಗೆ ಗಾಜಿಗೂ ಫೋಟೋಕ್ಕೂ ನಡುವೆ ಅಂಚಿನ ಸುತ್ತ ತೆಳುವಾದ ಪಟ್ಟಿ ಇಟ್ಟೆ. ಅವ್ವ ಬೊಟ್ಟಿಟ್ಟು, ಮುಖ ಹೊರಳಿಸಿ, ಮತ್ತೆ ಥಟ್ಟನೆ ನೋಡಿದಳು. ಅಪ್ಪ ಅಲ್ಲೇ ಇದ್ದರು.

"ಆ ನಿನ್ನ ಮಷೀನು ಎಲ್ಲದ?" ಅಂತ ಅವಳೇ ಕೇಳಿದಳು. "ಬಿಸಾಡಬ್ಯಾಡ. ಗ್ವಾಡಿ ಮ್ಯಾಲ ಬ್ಯಾಡ, ಎಲ್ಲೆರ ಕೆಳಗ ಇಡು. ಇದ್ದವರಷ್ಟ ಅದರಾಗ ಓಡಾಡ್ಲಿ."

ಅಪ್ಪನನ್ನು ಸರದಿಯಿಂದ ತೆಗೆದು, ಪ್ಲೈವುಡ್ಡಿನ ಪೆಟ್ಟಿಗೆ ಮಾಡಿ ಫ್ರಿಜ್ಜಿನ ಮೇಲಿಟ್ಟೆ. ರೊಟ್ಟಿ ಬಡಿಯುತ್ತ ಅವ್ವ ಅದನ್ನು ನೋಡುತ್ತಿದ್ದಳು. ತನ್ನ ಫೋಟೋ ಬಂದರೆ ಮಾತ್ರ ಮುಖ ಸಿಂಡರಿಸುತ್ತಿದ್ದಳು.

ಎರಡು ವರ್ಷದ ನಂತರ ಅವ್ವನೂ ಹೋದಳು. ಅಪ್ಪನ ಪಕ್ಕದಲ್ಲೇ ಅವಳ ಫೋಟೋ ತೂಗುಹಾಕಿದೆ. ಅವಳು ಹಾಕಿಕೊಟ್ಟ ನಿಯಮದಂತೆ ಫ್ರಿಜ್ಜಿನ ಮೇಲಿನ ಪೆಟ್ಟಿಗೆಯಿಂದ ಅವಳನ್ನು ತೆಗೆಯಬೇಕಿತ್ತು. ಒಂದು ಗುಂಡಿ ಒತ್ತಿದರೆ ಮುಗಿಯಿತು. ಒತ್ತಲು ಕೂತೆ, ಆಗಲಿಲ್ಲ.

ಹೆಂಡತಿ ನೋಡಿ, "ಇರ್ಲಿ ಬಿಡ್ರಿ. ಅತ್ತಿ ಒಬ್ಬರು ಎರಡೂ ಕಡೆ ಇರ್ಲಿ" ಅಂದಳು.

ಈಗ ಅಡುಗೆಮನೆಗೆ ನೀರು ಕುಡಿಯಲು ಹೋದರೆ, ಕುಡಿದು ಮುಗಿದ ಮೇಲೂ ಖಾಲಿ ಲೋಟ ಹಿಡಿದು ನಿಂತಿರುತ್ತೇನೆ, ಅವ್ವನ ಸರದಿ ಬರುವ ತನಕ.