ತೊಟ್ಟಿಲು ಕಾಣದ ಮಕ್ಕಳು

ತಿಕೋಂಡಿ ಸಮೀಪದ ವಾಡಿಯೊಂದರಲ್ಲಿ ಕನ್ನಡ ಶಾಲೆಯ ಮಾಸ್ತರರಾಗಿದ್ದ ರಮಜಾನ ಅವರಿಗೆ ಇನ್ನೊಂದು ಕೆಲಸವೂ ಇತ್ತು. ದೇಶದ ಹುಟ್ಟು-ಸಾವುಗಳ ಪ್ರಮಾಣ ತಿಳಿಯಲು ಕೇಂದ್ರದ ಗಣತಿ ಇಲಾಖೆ ಅಲ್ಲೊಂದು ಇಲ್ಲೊಂದು ಹಳ್ಳಿಯನ್ನು ಆರಿಸಿಕೊಳ್ಳುತ್ತದೆ. ಆ ವಾಡಿ ಅವುಗಳಲ್ಲೊಂದು. ವರ್ಷವಿಡೀ ಅಲ್ಲಿ ಹುಟ್ಟಿದವರನ್ನೂ ಸತ್ತವರನ್ನೂ ಮಾಸ್ತರರು ಬರೆದಿಡಬೇಕು. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಬಂದು, ಅವರ ಪುಸ್ತಕ ನೋಡದೆಯೇ ಮನೆ ಮನೆ ತಿರುಗಿ ಬೇರೆ ಪಟ್ಟಿ ಮಾಡುತ್ತಾರೆ. ಆಮೇಲೆ ಎರಡನ್ನೂ ತಾಳೆ ನೋಡುತ್ತಾರೆ.

೧೯೯೬ರ ಜುಲೈಯಲ್ಲಿ ಮೇಲ್ವಿಚಾರಕ ಅಪ್ಪಾಸಾಬ ಬಂದಾಗ ಮಾಸ್ತರರ ಮನೆಯಲ್ಲಿ ಆರು ದಿನದ ಕೂಸಿತ್ತು. ಮಗಳು ಹುಸ್ನಾಳ ಚೊಚ್ಚಲು. ಸೂಲಗಿತ್ತಿ ಚಂದ್ರಾಬಾಯಿ ಮನೆಯಲ್ಲೇ ಹೆರಿಗೆ ಮಾಡಿಸಿದ್ದಳು.

"ಅಜ್ಜಾ ಆದ್ರಿ ಮಾಸ್ತರ್ರ, ಪೇಢೆ ಎಲ್ಲಿ?"

"ನಾಳೆ ಹೆಸರಿಡೂದೈತಿ, ಬರ್ರಿ. ಪೇಢೆ ಏನು, ಊಟಾನೇ ಮಾಡೂವಂತ್ರಿ."

ಶಾಲೆಯ ಜಗಲಿಯಲ್ಲಿ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟ ಅಪ್ಪಾಸಾಬ ಪೆನ್ನು ನಿಲ್ಲಿಸಿದರು. "ಹೋದ ಸಲ ಹನ್ನೊಂದು ಮಂದಿ ಬಸುರ್ಯಾರಿದ್ರು. ನಿಮ್ಮ ಪುಸ್ತಕದಾಗ ಏಳು ಬಾಣಂತ್ಯಾರು. ಉಳಿದ ನಾಕು ಮಂದಿ ಏನು, ಆನಿಗತೆ ಎರಡು ವರ್ಷ ಹೊರತಾರೇನ್ರಿ?"

"ಅವು ತೊಟ್ಟಿಲಕ್ಕ ಹಾಕೂದ್ರೊಳಗ ಹೋದೂರಿ. ಅಂಥವನ್ನ ನಮ್ಮಲ್ಲಿ ಹಿಡ್ಯಾಂಗಿಲ್ಲ."

"ಒಮ್ಮೆ ಅತ್ತು ಸತ್ರೂ ಒಂದು ಜನನ, ಒಂದು ಮರಣ. ಬರೀಬೇಕು ಮಾಸ್ತರ್ರ."

ವಾಡಿಯ ರೂಢಿ ಹಾಗಿತ್ತು. ಹೆಸರಿಡುವ ಮುಂಚೆ ತೀರಿಕೊಂಡ ಕೂಸಿನ ಸುದ್ದಿಯನ್ನು ತಾಯಿಯ ಮುಂದೆ ಯಾರೂ ಎತ್ತುತ್ತಿರಲಿಲ್ಲ. ಐದು ವರ್ಷ ಮಾಸ್ತರರೂ ಎತ್ತಿರಲಿಲ್ಲ. ಅದನ್ನು ಅವರು ಮರ್ಯಾದೆ ಎಂದುಕೊಂಡಿದ್ದರು.

ಇಬ್ಬರೂ ಆ ನಾಲ್ಕು ಮನೆಗಳಿಗೆ ಹೊರಟರು. ಮೊದಲ ಮನೆಯಲ್ಲಿ ತುಳಸವ್ವ ಹೇಳಿದಳು: "ಚಲೋ ಕುಡೀತಿತ್ರಿ. ಆಮ್ಯಾಲ ಬಾಯಿ ಬಿಗೀತು. ಮುಟ್ಟಿದ್ರ ಬಿಲ್ಲಿನಂಗ ಸೆಟೀತಿತ್ತು. ಎಂಟನೇ ದಿನ ಹೋತು."

ಎರಡನೆಯ ಮನೆಯಲ್ಲಿ ಏಳನೇ ದಿನ. ಮೂರನೆಯದರಲ್ಲಿ ಮತ್ತೆ ಎಂಟು.

ಅಲ್ಲಿ ಅಪ್ಪಾಸಾಬ ನಮೂನೆಯಲ್ಲಿ ಇಲ್ಲದ ಪ್ರಶ್ನೆಯೊಂದನ್ನು ಕೇಳಿದರು. "ಹೊಕ್ಕಳ ಬಳ್ಳಿ ಕೊಯ್ದಾಕಿ ಯಾರವ್ವಾ?"

"ಮತ್ಯಾರ್ರಿ, ಚಂದ್ರಾಬಾಯಿ. ಕುಡಗೋಲಿಲೆ ಕೊಯ್ದು, ಮ್ಯಾಲ ಕುಳ್ಳಿನ ಬೂದಿ ಹಚ್ಚಿದ್ಳು."

ಅಪ್ಪಾಸಾಬ ಹಿಂದಿನ ಎರಡು ಮನೆಗಳಿಗೂ ಹೋಗಿ ಅದನ್ನೇ ಕೇಳಿ ಬಂದರು. ಉತ್ತರ ಬದಲಾಗಲಿಲ್ಲ. "ಧನುರ್ವಾಯು" ಎಂದರು ತಗ್ಗಿದ ದನಿಯಲ್ಲಿ. "ಮೊದಲನೇದನ್ನ ಬರೆದಿದ್ರ, ಬಸುರ್ಯಾರಿಗೆ ಸೂಜಿ ಹಾಕಾಕ ನರ್ಸಬಾಯಿ ಆವಾಗ್ಲೇ ಬರ್ತಿದ್ಲು."

ಮಾಸ್ತರರು ನಾಲ್ಕನೆಯ ಮನೆಗೆ ಹೋಗಲಿಲ್ಲ. ಹಿಂದಿರುಗಿ ನಡೆದರು, ಓಣಿ ತಿರುಗಿದ ಮೇಲೆ ಓಡಿದರು.

ಹುಸ್ನಾ ಬಾಗಿಲಲ್ಲೇ ಇದ್ದಳು. "ಅಬ್ಬಾ, ಮುಂಜಾನಿಂದ ಕೂಸು ಮೊಲಿ ಹಿಡೀವಲ್ದು. ನಾಳಿ ಮಂದಿ ಬರೂದೈತಿ, ಇವತ್ತೇ ಹಟಾ ಮಾಡಾಕತ್ತೈತಿ ನೋಡ್ರಿ."

ಅವರು ಕಿರುಬೆರಳಿನಿಂದ ಕೂಸಿನ ಗಲ್ಲ ಒತ್ತಿದರು. ಬಾಯಿ ತೆರೆಯಲಿಲ್ಲ. ಮೈ ಹಿಂದಕ್ಕೆ ಬಾಗಿತು.

ಅಪ್ಪಾಸಾಬರ ಜೀಪಿನಲ್ಲಿ ವಿಜಾಪುರದ ಆಸ್ಪತ್ರೆಗೆ ಒಯ್ದರು. ಕೂಸು ಮೂರು ದಿನ ಬದುಕಿತ್ತು.

ಆ ವರ್ಷದ ಪುಸ್ತಕದಲ್ಲಿ ಐದು ಕೂಸುಗಳ ಸಾವಿದೆ. ಕೊನೆಯದನ್ನೂ ಮಾಸ್ತರರೇ ಬರೆದಿದ್ದಾರೆ. ವಯಸ್ಸು: ಒಂಬತ್ತು ದಿನ. ತಾಯಿ: ಹುಸ್ನಾ. ಮಾಹಿತಿ ಕೊಟ್ಟವರು: ಸ್ವತಃ.