ಗ್ರಾಮಸ್ಥರಲ್ಲಿ ಆತಂಕ

ಬೆಳಿಗ್ಗೆ ಆಶಾ ಕಾರ್ಯಕರ್ತೆ ಕೊಟ್ಟುಹೋದ ಎಣ್ಣೆ ಬಾಟಲಿಯ ಮುಚ್ಚಳ ತೆಗೆದೆ. ಮಂಗನ ಕಾಯಿಲೆ ಹರಡುವ ಉಣುಗು ಕಚ್ಚದಿರಲೆಂದು ಕಾಡಿಗೆ ಹೋಗುವವರು ಕೈಕಾಲಿಗೆ ಸವರಿಕೊಳ್ಳುವ ಎಣ್ಣೆ. ಅದರ ವಾಸನೆಗೆ ನೆನಪಾದದ್ದು ಕಾಡಲ್ಲ, ಕಾಯಿಲೆಯೂ ಅಲ್ಲ. ನಾನೇ ಬರೆದ ಒಂದು ತಲೆಬರಹ.

ಕೆಲವು ವರ್ಷಗಳ ಹಿಂದಿನ ಮಾತು. ಪತ್ರಿಕೆಯೊಂದಕ್ಕೆ ತೀರ್ಥಹಳ್ಳಿ ಕಡೆಯ ಸುದ್ದಿ ಕಳಿಸಲು ಆಗಷ್ಟೇ ಶುರುಮಾಡಿದ್ದೆ. ಮೇಳಿಗೆಯಾಚೆಯ ನಮ್ಮ ಹಳ್ಳಿಯಲ್ಲಿ ಒಂದು ಮಂಗ ಸತ್ತಿತ್ತು. (ಎರಡೋ? ಒಂದೇ ಇರಬೇಕು; ಇನ್ನೊಂದು ಸುದ್ದಿಗೆ ತೂಕ ಬರಲೆಂದು ನೆನಪು ಸೇರಿಸಿದ್ದು.) 'ಮಂಗನ ಸಾವು: ಗ್ರಾಮಸ್ಥರಲ್ಲಿ ಆತಂಕ' ಎಂದು ಬರೆದೆ. ಗ್ರಾಮಸ್ಥರನ್ನು ಕೇಳಿರಲಿಲ್ಲ. ಮಂಗ ಸತ್ತರೆ ಆತಂಕ, ಮಂತ್ರಿ ಬಂದರೆ ಹರ್ಷ, ಕೇಳುವುದೇನು ಬಂತು?

ಮರುದಿನವೇ ಪಕ್ಕದ ಮನೆಯ ಗಿರಿಜಕ್ಕ ಪೇಪರ್ ಹಿಡಿದು ಬಂದಳು. ಕೊಟ್ಟಿಗೆಗೆ ಹಾಸಲು ದಿನಾ ಕಾಡಿನಿಂದ ದರಗೆಲೆ ಗುಡಿಸಿ ತರುವವಳು.

"ಎಂತದಾ ಇದು? ನಂಗೆ ಆತಂಕ ಅಂತ ನಿಂಗ್ಯಾರು ಹೇಳಿದ್ರು? ನಮ್ಮಣ್ಣ ಫೋನ್ ಮಾಡಿ ಬದ್ಕಿದ್ಯೇನೇ ಅಂತ ಕೇಳ್ತಾನೆ!"

ಅದೇ ವಾರ ಆರೋಗ್ಯ ಇಲಾಖೆಯ ಪ್ರಕಟಣೆ ಬಂತು: ಆತಂಕ ಬೇಡ. ಅದರ ಪಕ್ಕಕ್ಕೆ ದರಗಿನ ಹೊರೆ ಹೊತ್ತು ನಗುವ ಗಿರಿಜಕ್ಕನ ಫೋಟೊ ಹಾಕಿಸಿದೆ. ಅಡಿಯಲ್ಲಿ 'ನಮಗೇನೂ ಭಯವಿಲ್ಲ'. ಎಣ್ಣೆ ಹಚ್ಚಿಕೊಳ್ಳಿ ಎಂಬ ಪ್ರಕಟಣೆಯ ಕೊನೆಯ ಸಾಲು ಜಾಗ ಸಾಲದೆ ಬಿದ್ದುಹೋಯಿತು. ಗಿರಿಜಕ್ಕ ಫೋಟೊ ಕತ್ತರಿಸಿ ಕನ್ನಡಿಯ ಮೂಲೆಗೆ ಸಿಕ್ಕಿಸಿಕೊಂಡಳು.

ಕೆಲವು ದಿನಕ್ಕೆ ಅವಳಿಗೆ ಜ್ವರ. ಆಸ್ಪತ್ರೆಗೆ ಒಲ್ಲೆನೆಂದು ಮುಸುಕೆಳೆದು ಮಲಗಿದ್ದಳು.

"ಕಾಡಿಗೆ ಹೋಗ್ವಾಗ ಎಣ್ಣೆ ಹಚ್ಕಂಡಿದ್ಯಾ ಅಕ್ಕಾ?"

"ಭಯ ಇಲ್ದೋರು ಎಂತಕ್ಕೆ ಹಚ್ಕಳದು?"

"ಪೇಪರ್‌ನಲ್ಲಿ ಬಂದಿದ್ದೆಲ್ಲ ನಂಬಬೇಡ ಮಾರಾಯ್ತಿ. ಬರ್ದೋನು ನಾನೇ!"

"ಊರೆಲ್ಲ ಓದಿ ಆಗಿದೆ. ಈಗ ಆಸ್ಪತ್ರೆಗೆ ಓಡಿದ್ರೆ ಮುಖ ಎಲ್ಲಿಡ್ಲಿ?"

ಮುಸುಕಿನೊಳಗೆ ಅವಳ ಹಲ್ಲು ಕಟಕಟ ಎನ್ನುತ್ತಿತ್ತು. "ಭಯ ನಿಂಗಿಲ್ದಿದ್ರೆ ಬೇಡ," ಎಂದೆ. "ನಂಗೆ ಭಯ ಆಗ್ತಿದೆ ಅಕ್ಕಾ."

ಅವಳು ಮುಸುಕು ಸರಿಸಿ ನನ್ನ ಮುಖ ನೋಡಿದಳು. "ಹಂಗಾರೆ ನಿನ್ನ ಸಲುವಾಗಿ ಬರ್ತೀನಿ. ಬರಿಯೋದಿದ್ರೆ ಹಂಗೇ ಬರಿ."

ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಇರಲಿಲ್ಲ. ಆದರೆ ನಾನು ಈ ಕಥೆ ಹೇಳಿದಾಗಲೆಲ್ಲ ಅವಳಿಗೆ ಆ ಕಾಯಿಲೆ ಇರುತ್ತಿತ್ತು. ಅದನ್ನು ಮೊದಲ ಸಲ ಬಿಟ್ಟು ಹೇಳುತ್ತಿರುವುದು ನಿಮಗೇ.

ಇವತ್ತು ಬಂದ ಬಾಟಲಿ ಹಿಡಿದು ಬೇಲಿಯ ಬಳಿ ಹೋದೆ. ಗಿರಿಜಕ್ಕ ಆಗಲೇ ಮೊಣಕೈವರೆಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ಭಯನಾ ಅಕ್ಕಾ?"

"ಹ್ಞೂಂ ಮಾರಾಯ. ಪೇಪರಿಗೆ ಬೇಡ."

ಸುದ್ದಿ ಕಳಿಸಿದೆ. ತಲೆಬರಹ: 'ಎಣ್ಣೆ ಬಂದಿದೆ, ಹಚ್ಚಿಕೊಳ್ಳಿ'. ಸ್ವಲ್ಪ ಹೊತ್ತಿಗೆ ಕಚೇರಿಯಿಂದ ಫೋನು.

"ಸಪ್ಪೆ ಆಯ್ತಲ್ರೀ. ಗ್ರಾಮಸ್ಥರಲ್ಲಿ ಏನಿದೆ?"

ಬೇಲಿಯಾಚೆ ನೋಡಿ ಹೇಳಿದೆ: "ಹಚ್ಕಂಡಿದ್ದಾರೆ."