ಕಲ್ಯದ ಬಂಡೆಯ ಮೇಲೆ ಗರಗಸ ಮಂಡಲ

ರಾಮನಗರದಿಂದ ಮಾಗಡಿಗೆ ರೈಲಿಲ್ಲ. ಬೆಳಿಗ್ಗೆ ಸರ್ಕಾರಿ ಬಸ್ಸು ಹತ್ತಿದೆವು. ಕಂಡಕ್ಟರ್ ಆಧಾರ್ ನೋಡಿ ನನಗೂ ಫರ್ಜಾನಾಗೂ ಮಹಿಳೆಯರ ಉಚಿತ ಟಿಕೆಟ್ ಕೊಟ್ಟರು. ಫರ್ಜಾನಾ ನನ್ನ ಸಹೋದ್ಯೋಗಿ. ರೇಷ್ಮೆ ನೂಲು ತೆಗೆಯುವ ಮನೆಯವಳು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಅವಳ ವಿದ್ಯಾರ್ಥಿನಿಯ ತಾಯಿ, ಮಾಗಡಿ ಬಳಿಯ ಕಲ್ಯ ಊರಿನ ಪುಟ್ಟತಾಯಮ್ಮನಿಗೆ ಹಿಂದಿನ ವರ್ಷ ಹೊಲದಲ್ಲಿ ಗರಗಸ ಮಂಡಲದ ಹಾವು ಕಚ್ಚಿತ್ತು. ಆಸ್ಪತ್ರೆಯಿಂದ ಬದುಕಿ ಬಂದ ಮೇಲೆ ಅವರು ಹೊಲಕ್ಕೆ ಕಾಲಿಟ್ಟಿರಲಿಲ್ಲ. ಹಾವನ್ನು ಕಂಡವನು ಮೈದುನ. ಅವರು ನೋಡಿರಲೇ ಇಲ್ಲ.

“ಒಂದ್ಸಲ ಕಣ್ಣಾರೆ ತೋರ್ಸಿ ಮೇಡಂ. ಕಾಣ್ದೆ ಇರೋದ್ಕೇ ನಂಗೆ ಭಯ ಜಾಸ್ತಿ,” ಎಂದು ಅವರೇ ಫೋನ್ ಮಾಡಿದ್ದರು.

ಮಾಗಡಿಯಲ್ಲಿ ತಟ್ಟೆ ಇಡ್ಲಿ ತಿಂದು, ಆಟೋದಲ್ಲಿ ಕಲ್ಯ ತಲುಪಿದಾಗ ಮಂಜು ಕರಗಿ ಎಳೆಬಿಸಿಲು ಬಂದಿತ್ತು. ಪುಟ್ಟತಾಯಮ್ಮ ಗಂಬೂಟು ಹಾಕಿಕೊಂಡು ಕಾಯುತ್ತಿದ್ದರು. ಮೈದುನ ಸಿದ್ದರಾಜು ಕೈಯಲ್ಲಿ ದೊಣ್ಣೆ ಹಿಡಿದಿದ್ದ. ಹೊಲದ ಬದುವಿಗೆ ಬಂದಾಗ ಪುಟ್ಟತಾಯಮ್ಮ ನಿಂತುಬಿಟ್ಟರು. ಫರ್ಜಾನಾ ಕೈ ಚಾಚಿದಳು. ಅದನ್ನು ಬಿಗಿಯಾಗಿ ಹಿಡಿದುಕೊಂಡೇ ಅವರು ಒಳಗೆ ಬಂದರು.

ಸಿದ್ದರಾಜು ಬೆರಳು ಮಾಡಿ ತೋರಿಸಿದ. ಕಲ್ಲುಗುಡ್ಡೆಯ ಪಕ್ಕದ ಬಂಡೆಯ ಮೇಲೆ ಒಂದು ಗರಗಸ ಮಂಡಲ ಬಿಸಿಲು ಕಾಯಿಸುತ್ತಿತ್ತು. ನಾವು ದೂರದಲ್ಲೇ ನಿಂತೆವು. ಒಂದೂವರೆ ಅಡಿಯೂ ಇಲ್ಲ! ಕಂದು ಮೈ, ಬಿಳಿ ಅಂಕುಡೊಂಕು ಗೆರೆ, ತಲೆಯ ಮೇಲೆ ಬಾಣದಂಥ ಗುರುತು. ನಮ್ಮನ್ನು ಕಂಡದ್ದೇ ಮೈಯನ್ನು ಸುರುಳಿ ಸುತ್ತಿ, ಸುತ್ತುಗಳನ್ನು ಒಂದಕ್ಕೊಂದು ಉಜ್ಜತೊಡಗಿತು. ಚರಚರ, ಚರಚರ.

“ಇದರ ನಂಟರು ರಾಜಸ್ಥಾನದ ಮರಳುಗಾಡಿನಲ್ಲೂ ಇದ್ದಾರೆ,” ಎಂದಳು ಫರ್ಜಾನಾ ಮೆಲ್ಲಗೆ. “ಬುಸುಗುಟ್ಟಿದರೆ ಉಸಿರಿನ ಜೊತೆ ಮೈಯ ನೀರೂ ಹೋಗುತ್ತೆ. ಅದನ್ನು ಉಳಿಸೋಕೇ ಹೀಗೆ ಮೈಯ ಗರಗಸದಂಥ ಹುರುಪೆ ಉಜ್ಜಿ ಎಚ್ಚರಿಸುತ್ತೆ ಅಂತಾರೆ. ಮೊಟ್ಟೆ ಇಡಲ್ಲ, ಮರಿಯನ್ನೇ ಹಾಕುತ್ತೆ. ಚೇಳನ್ನೂ ತಿನ್ನುತ್ತೆ.”

ಬೆಂಗಾಡಿನಲ್ಲಿ ಒಂದು ಹನಿಯನ್ನೂ ದಂಡ ಮಾಡದೆ ಬಾಳುವ ಆ ಮೊಳದುದ್ದದ ಜೀವದ ಮೇಲಿಂದ ನನಗೆ ಕಣ್ಣು ಕೀಳಲಾಗಲಿಲ್ಲ.

ಸಿದ್ದರಾಜು ದೊಣ್ಣೆ ಎತ್ತಿದ. “ಅತ್ಗೆ, ಒಸಿ ಪಕ್ಕಕ್ಕೆ ಬನ್ನಿ. ಮುಗ್ಸೇ ಬುಡ್ತೀನಿ.”

ಪುಟ್ಟತಾಯಮ್ಮ ಕಿವಿಗೊಟ್ಟು ನಿಂತಿದ್ದರು.

“ಬುಡ್ಲಾ, ಇಳ್ಸು ದೊಣ್ಣೆಯ. ಈ ಸದ್ದು ಅವತ್ತೂ ಕೇಳಿತ್ತು ಕಣ್ಲಾ. ತರಗೆಲೆ ಅಂದ್ಕಂಡು ಕೈ ಹಾಕ್ಬುಟ್ಟೆ. ಅದು ಹೇಳಿತ್ತು, ನಂಗೇ ತಿಳೀನಿಲ್ಲ.”

ದೊಣ್ಣೆ ಇಳಿಯಿತು. ಸ್ವಲ್ಪ ಹೊತ್ತಿಗೆ ಹಾವು ಸುರುಳಿ ಬಿಚ್ಚಿ, ಅಡ್ಡಡ್ಡಲಾಗಿ ಅಲೆಯಂತೆ ಸರಿದು ಕಲ್ಲುಗುಡ್ಡೆಯೊಳಗೆ ಹೋಯಿತು. ಪುಟ್ಟತಾಯಮ್ಮ ಮೈದುನನ ಕೈಯಿಂದ ದೊಣ್ಣೆ ಇಸಿದುಕೊಂಡು, ನೆಲ ತಟ್ಟುತ್ತಾ ಅವರೆಗಿಡದ ಸಾಲಿಗೆ ಇಳಿದರು.

“ನೀವ್ ಒಂಟ್ಕಳಿ ಮೇಡಂ, ಬಿಸ್ಲಾಯ್ತದೆ. ಕಾಯೆಲ್ಲ ಬಲ್ತೋಗೈತೆ, ನಂಗೆ ಕೆಲ್ಸ ಐತೆ.”

ಆಟೋ ತಿರುವಿಗೆ ಬಂದಾಗ ಹಿಂತಿರುಗಿ ನೋಡಿದೆ. ಹಸಿರು ಸಾಲುಗಳ ನಡುವೆ ಅವರು ಬಗ್ಗಿ ಅವರೆಕಾಯಿ ಬಿಡಿಸುತ್ತಿದ್ದರು, ಒಬ್ಬರೇ.